ಗಂಜಿಯೊಳಗೆ ಬೆಳ್ಳಿ

(ತಮಿಳುನಾಡಿನ ವೆಳ್ಳಕೋಯಿಲ್‌ನ ಒಂದು ಪವರ್‌ಲೂಮ್ ಶೆಡ್ಡು. ಕರೆಂಟು ಹೋಗಿದೆ, ಅದಕ್ಕೇ ಮಾತು ಕೇಳಿಸುತ್ತಿದೆ. ಮನೆಮಾತು ಕನ್ನಡದ ದೇವಾಂಗ ಮಾವ. ಬೆಂಗಳೂರಿನಿಂದ ಬಂದ ಎಂಜಿನಿಯರ್ ಅಳಿಯ, ಕೈಯಲ್ಲೊಂದು ಕರಿ ಬಟ್ಟೆ.)

ಮಾವ: ನೇಯ್ಗೆ ಪರವಾಗಿಲ್ಲ. ಹಾಸೂ ಕರಿ, ಹೊಕ್ಕೂ ಕರಿ. ಶಬರಿಮಲೆ ಸೀಸನ್ನಿಗಾ?

ಅಳಿಯ: ಕಾರ್ಬನ್ ಫೈಬರ್ ಮಾವ. ತೇಜಸ್ ವಿಮಾನದ ಮೈ ಬಹುಪಾಲು ಇಂಥದ್ದೇ. ಈ ಒಂದು ನೂಲಿನಲ್ಲಿ 3000 ಎಳೆ, ಒಂದೊಂದೂ 7 ಮೈಕ್ರಾನ್.

ಮಾವ: ಎಣಿಸಿದವನು ಪುಣ್ಯಾತ್ಮ. ತೊಂದರೆ ಏನೀಗ?

ಅಳಿಯ: ಬಿಸಿ. ಶಾಖ ಸಾಗಿಸೋದರಲ್ಲಿ ತಾಮ್ರಕ್ಕೆ ಸುಮಾರು 400 ಅಂಕ ಅಂದರೆ, ಈ ನೂಲಿಗೆ ಉದ್ದುದ್ದಕ್ಕೆ 10ರ ಆಸುಪಾಸು. ಪದರ ಪದರಕ್ಕೆ ಮೆತ್ತುವ ಎಪಾಕ್ಸಿ ಅಂಟಿಗೆ ಬರೀ 0.2.

ಮಾವ: ಫೇಲು.

ಅಳಿಯ: ಡಾಂಬರಿನ ಜಾತಿಯ ಪಿಚ್‌ನಿಂದ ಮಾಡಿದ ಕೆಲವು ನೂಲು ತಾಮ್ರವನ್ನೂ ಮೀರಿಸುತ್ತೆ, ಆದರೆ ಬೆಲೆ ಕೇಳಬೇಡಿ. ಅದರಲ್ಲೂ ಶಾಖ ಉದ್ದಕ್ಕೆ ಮಾತ್ರ ಓಡುತ್ತೆ. ಪದರದಿಂದ ಪದರಕ್ಕೆ ಇಳಿಯೋಕೆ ಅಂಟು ಬಿಡಲ್ಲ. ಅದಕ್ಕೇ ನಡುವೆ ಬೆಳ್ಳಿ, ತಾಮ್ರದ ನ್ಯಾನೋ ಕಣ ಸೇರಿಸ್ತಾರೆ.

ಅತ್ತೆ (ಒಳಗಿಂದ): ಬೆಳ್ಳಿಯಾ? ನನ್ನ ಕಾಲ್ಗೆಜ್ಜೆ ಎಲ್ಲಿ?

ಮಾವ: ಅಲ್ಲೇ ಇದೆ ಕಣೇ! ಹಾಗಾದರೆ ಇದು ಜರಿ ತಾನೆ? ನಮ್ಮಜ್ಜ ಇದನ್ನು ಸಂಶೋಧನೆ ಅಂತ ಕರೀಲಿಲ್ಲ, ಪಾಪ.

ಅಳಿಯ: ಜರಿ ಕಣ್ಣಿಗೆ ಕಾಣುತ್ತೆ. ಈ ಕಣ ಎಳೆಗಿಂತ ನೂರು ಪಾಲು ಸಣ್ಣದು.

ಮಾವ: ಕಾಣದ ಬೆಳ್ಳಿಗೆ ದುಡ್ಡು! ಈ ವ್ಯಾಪಾರ ನಮಗೆ ಹೊಳೀಲಿಲ್ಲವಲ್ಲ. ಎಲ್ಲಿ ಬೆರೆಸ್ತಾರೆ?

ಅಳಿಯ: ಅಂಟಿನಲ್ಲಿ. ಇಲ್ಲವೇ ನೂಲಿನ ಮೇಲೇ ತೆಳುವಾಗಿ ಸೈಜಿಂಗ್ ಬಳೀತಾರಲ್ಲ, ಅದರಲ್ಲಿ.

ಮಾವ: ಗಂಜಿ ಅನ್ನೋ! ಗಂಟು ಕಟ್ಟುತ್ತಾ?

ಅಳಿಯ: ಅದೇ ತಲೆನೋವು. ಕಣಗಳು ಒಂದೆಡೆ ಗುಂಪಾದರೆ ಉಳಿದ ಕಡೆ ಬರೀ ಅಂಟು. ದಾರಿ ತುಂಡಾಗಿ ಶಾಖ ಅಲ್ಲೇ ನಿಲ್ಲುತ್ತೆ.

ಮಾವ: ಗಂಟಿನ ಗಂಜಿಗೆ ನೂಲೇ ಕಡೀತದೆ. ಜಾಸ್ತಿ ಹಾಕಿಬಿಡಿ ಮತ್ತೆ.

ಅಳಿಯ: ತೂಕ ಮಾವ! ನೂಲಿನ ಸಾಂದ್ರತೆ 1.8, ಬೆಳ್ಳಿಯದು 10.5. ಹಗುರ ಅಂತ ತಾನೆ ವಿಮಾನಕ್ಕೆ ಇದನ್ನು ಹಾಕಿದ್ದು?

ಮಾವ: ಕಮ್ಮಿ ಹಾಕಿದರೆ ಶಾಖ ಹೋಗಲ್ಲ, ಜಾಸ್ತಿ ಹಾಕಿದರೆ ವಿಮಾನ ಏಳಲ್ಲ. ಗಂಜಿ ಹದ ತಿಳಿದವನನ್ನು ಕೇಳಬೇಕಿತ್ತು.

ಅಳಿಯ: ಕೇಳೋಕೇ ಬಂದೆ. ನಿಮ್ಮ ಮಗ್ಗದಲ್ಲಿ ನೇಯಬಹುದಾ?

(ಕರೆಂಟು ಬಂತು. ಮಗ್ಗಗಳ ಗದ್ದಲ.)

ಮಾವ (ಕೂಗಿ): ನೂಲು ನಿಮ್ಮದು, ಬೆಳ್ಳಿ ನಿಮ್ಮದು! ಕೂಲಿ ಮೀಟರ್ ಲೆಕ್ಕ! ಅರ್ಧ ಮುಂಗಡ!