ನಾನೇ ಮಸಾಲೆ

ಕನ್ನಡಕದ ನಂಬರು ವರ್ಷೇ ವರ್ಷೇ ಏರತೊಡಗಿದ ಪ್ರಾಯದಲ್ಲಿ ಜಪಾನೀ ಭಾಷೆಯನ್ನು ಕಲಿಯಬೇಕೆಂಬ ದುರ್ಬುದ್ಧಿ ನನಗೆ ಹುಟ್ಟಿತು. ಕೈಗೆ ದೊರೆತ ಪುಸ್ತಕವು ಇಂಗ್ಲಿಷ್ ಬಲ್ಲವರಿಗಾಗಿ ರಚಿತವಾದುದರಿಂದ, ಈ ಭಾಷೆಯಲ್ಲಿ ಕ್ರಿಯಾಪದವು ವಾಕ್ಯದ ಕಟ್ಟಕಡೆಗೆ ಬರುವುದೆಂದೂ ಓದುಗರು ಧೃತಿಗೆಡಬಾರದೆಂದೂ ಮೊದಲ ಪುಟದಲ್ಲಿಯೇ ಸಾಂತ್ವನ ಹೇಳಿತ್ತು. ನಾನಾದರೋ ಆ ಸಾಂತ್ವನವನ್ನು ವಿಧೇಯನಾಗಿ ಸ್ವೀಕರಿಸಿ, 'ವತಶಿ ವ ಗೊಹನ್ ಒ ತಬೆಮಸು' ಎಂಬುದನ್ನು ಇಂಗ್ಲಿಷಿಗೆ ತಲೆಕೆಳಗು ಮಾಡಿ, ಅಲ್ಲಿಂದ ಕನ್ನಡಕ್ಕೆ ಮತ್ತೆ ನೆಟ್ಟಗೆ ನಿಲ್ಲಿಸಿಕೊಳ್ಳುತ್ತ, ಮೈಸೂರಿನಿಂದ ನಂಜನಗೂಡಿಗೆ ಮದ್ರಾಸಿನ ಮಾರ್ಗವಾಗಿ ಪ್ರಯಾಣ ಮಾಡುತ್ತಿದ್ದೆ. ವತಶಿ ವ, ನಾನು, ಗೊಹನ್ ಒ, ಅನ್ನವನ್ನು, ತಬೆಮಸು, ಉಣ್ಣುತ್ತೇನೆ. ಇಷ್ಟು ಹೊಳೆಯುವುದಕ್ಕೆ ಎರಡು ವಾರ ಹಿಡಿಯಿತು!

ಹೊಳೆದ ಮೇಲೆ ಗರ್ವಕ್ಕೆ ಮಿತಿಯಿರಲಿಲ್ಲ. 'ತಬೆತೆ ಮಿರು' ಎಂದರೆ ಸಾಕ್ಷಾತ್ 'ತಿಂದು ನೋಡು'. ತಿನ್ನುವುದು ಬಾಯಾದರೂ ನೋಡುವ ಕೆಲಸವನ್ನು ಅವರೂ ನಮ್ಮಂತೆಯೇ ಅದಕ್ಕೇ ಒಪ್ಪಿಸಿದ್ದಾರೆ. 'ತಬೆತೆ ಶಿಮಉ' ಎಂದರೆ 'ತಿಂದುಬಿಡು'. ಇಷ್ಟಾದ ಮೇಲೆ ವ್ಯಾಕರಣವೇಕೆ, ಕನ್ನಡಕ್ಕೆ ಜಪಾನೀ ಪದಗಳನ್ನು ತೊಡಿಸಿದರಾಯಿತೆಂದು ನಿಶ್ಚಯಿಸಿದೆ.

ಆ ನಿಶ್ಚಯದಿಂದಲೇ ಗುರುಗಳ ಮನೆಗೆ ಹೋದವನು, ಜಗಲಿಯ ಮೇಲೆ ಮಲಗಿದ್ದ ಅವರ ನಾಯಿಯನ್ನು ತೋರಿಸಿ, 'ಇನು ಗ ಅರಿಮಸು', ನಾಯಿ ಇದೆ, ಎಂದು ಗಂಭೀರವಾಗಿ ನುಡಿದೆ. ಗುರುಗಳು ಗಾಬರಿಯಿಂದೆದ್ದು ಬಾಗಿಲಿಗೆ ಬಂದು, ನಾಯಿ ಬಾಲವಲ್ಲಾಡಿಸಿದುದನ್ನು ಕಂಡು ನಿಟ್ಟುಸಿರುಬಿಟ್ಟು, "ಜೀವವಿದೆಯಲ್ಲ ರಾಯರೇ!" ಎಂದರು. ಕನ್ನಡದಲ್ಲಿ ಮೇಜೂ ಇದೆ, ನಾಯಿಯೂ ಇದೆ. ಅವರಲ್ಲಾದರೋ ಮೇಜಿಗೆ 'ಅರಿಮಸು', ಉಸಿರಾಡಿ ಓಡಾಡುವ ನಾಯಿಗೂ ಗುರುಗಳಿಗೂ ಸಮಾನವಾಗಿ 'ಇಮಸು'.

ಇನ್ನು ಆ 'ವ' ಎಂಬ ಪ್ರತ್ಯಯ. 'ಹ' ಎಂದು ಬರೆದು 'ವ' ಎಂದು ಓದಬೇಕಾದ ಈ ಮಾಯಾವಿಯನ್ನು ನಾನು ಕರ್ತೃವಿನ ಗುರುತೆಂದು ಭ್ರಮಿಸಿದ್ದೆ. ಹೋಟೆಲಿನಲ್ಲಿ ಊಟ ಹೇಳುವ ಜಪಾನೀಯನು 'ಬೊಕು ವ ಉನಗಿ ದ', 'ನಾನು ಹಾವುಮೀನು', ಎನ್ನುವುದುಂಟೆಂದು ಗುರುಗಳು ಹೇಳಿದಾಗ ನಾನು ಬಿದ್ದುಬಿದ್ದು ನಕ್ಕೆ. 'ವ' ಎಂದರೆ ಬರಿಯ 'ನನ್ನ ವಿಷಯಕ್ಕೆ ಬಂದರೆ' ಎಂದಷ್ಟೆ, ನಗಬೇಡಿರೆಂದು ಅವರು ತಿದ್ದಿದರೂ ನಗು ನಿಲ್ಲಲಿಲ್ಲ.

ಪಾಠ ಮುಗಿಸಿ ಇಬ್ಬರೂ ಬೀದಿಯ ಕೊನೆಯ ಹೋಟೆಲಿಗೆ ಹೋದೆವು. ಮಾಣಿ ಎರಡು ತಟ್ಟೆ ಹಿಡಿದು ಬಂದು, "ಮಸಾಲೆ ಯಾರು, ಇಡ್ಲಿ ಯಾರು?" ಎಂದ.

"ನಾನು ಮಸಾಲೆ," ಎಂದೆ. ಗುರುಗಳು ಇಡ್ಲಿಯಾಗಿದ್ದರು.