ಯಾವ ಕ್ಯಾಂಪ್‌ರಿ?

ಮೀನಿಂಗ್ ಮಾಸ್ತರರ ಕಣ್ಣಿಗೆ ಬೀಳದೆ ಲಿಂಗಸುಗೂರು ಬಸ್ ಸ್ಟ್ಯಾಂಡ್ ದಾಟುವುದು ಹೇಗೆ ಎಂದು ಯಾರಾದರೂ ಹೇಳಿಕೊಡುವುದಾದರೆ ನಾನು ಫೀಸು ಕೊಟ್ಟು ಕಲಿಯುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿ ನಿವೃತ್ತರಾದವರು. ನಿಂತದ್ದು ಪೂರ್ತಿ ಸಂಬಳ ಮಾತ್ರ, ಪಾಠ ನಿಂತಿಲ್ಲ. ಇಂಥವರು ತಾಲೂಕಿಗೊಬ್ಬರು ಇದ್ದೇ ಇರುತ್ತಾರೆ. ಬಿಳಿ ಅಂಗಿ, ಜೇಬಿನಲ್ಲಿ ಕೆಂಪು ನೀಲಿ ಎರಡು ಪೆನ್ನು. ಮದುವೆ ಕಾರ್ಡು ಕೊಟ್ಟರೆ ಮುಹೂರ್ತ ನೋಡುವ ಮೊದಲು ಸ್ಪೆಲ್ಲಿಂಗ್ ತಿದ್ದುತ್ತಾರೆ. ಒಮ್ಮೆ ಸಾವಿನ ಮನೆಗೆ ತಡವಾಗಿ ಬಂದವನೊಬ್ಬ "ಸ್ವಲ್ಪ ಲೇಟ್ ಆತ್ರಿ ಸರ್" ಅಂದ. "ಲೇಟ್ ಆದವರು ಒಳಗ ಮಲಗ್ಯಾರ. ನಿನಗ ತಡಾ ಆಗೇತಿ" ಅಂದರು. ಹೊರಡುವುದೋ ನಿಲ್ಲುವುದೋ ತಿಳಿಯದೆ ಆತ ಅಲ್ಲೇ ನಿಂತಿದ್ದ.

ಆಕ್ಸ್‌ಫರ್ಡ್ ನಿಘಂಟಿನ 1989ರ ಆವೃತ್ತಿಯಲ್ಲಿ 'ಸೆಟ್' ಎಂಬ ಪುಟ್ಟ ಶಬ್ದಕ್ಕೆ ಸುಮಾರು 430 ಅರ್ಥಗಳಿದ್ದವಂತೆ. ಹೊಸ ಲೆಕ್ಕದಲ್ಲಿ 'ರನ್' 645 ಅರ್ಥಗಳೊಂದಿಗೆ ಅದನ್ನು ಹಿಂದೆ ಹಾಕಿದೆ. ಈ ಸುದ್ದಿಯನ್ನು ಮಾಸ್ತರರು ನನಗೆ ಹೇಳಿದ್ದು ಕ್ರಿಕೆಟ್ ಸ್ಕೋರು ಹೇಳುವ ಉಮೇದಿನಲ್ಲಿ, ಅದೂ ನಾನು ಹಲ್ಲುನೋವಿಗೆ ಲವಂಗ ಕಚ್ಚಿಕೊಂಡು ನಿಂತಿದ್ದಾಗ.

ಸೆಟ್ಟು ರನ್ನು ಏನೇ ಇರಲಿ, ಲಿಂಗಸುಗೂರು-ಮಸ್ಕಿ-ಸಿಂಧನೂರು ಹಾದಿಯಲ್ಲಿ ದೊಡ್ಡ ಶಬ್ದ ಬೇರೆಯೇ ಇದೆ. ಅದು ನನಗೆ ಗೊತ್ತಾದದ್ದು ಒಂದು ಸಹಿಯಿಂದ.

ಊರಿನ ಒಂದು ಕಚೇರಿಯಲ್ಲಿ ನನ್ನ ಹೊಲದ ಕಾಗದಕ್ಕೆ ಸಾಹೇಬರ ಸಹಿ ಆಗಬೇಕಿತ್ತು. ಕ್ಲಾರ್ಕ್ ತಲೆ ಎತ್ತದೆ "ಸಾಹೇಬ್ರು ಕ್ಯಾಂಪ್ ಅದಾರ್ರಿ" ಅಂದ. ಕರ್ನಾಟಕದಲ್ಲಿ ಹುಟ್ಟಿದ ಯಾವನೂ ಇದಕ್ಕೆ ಮರುಪ್ರಶ್ನೆ ಹಾಕುವುದಿಲ್ಲ, ಮನೆಗೆ ಹೋಗುತ್ತಾನೆ. ನಾನೂ ಹೊರಟಿದ್ದೆ. ಬೆನ್ನ ಹಿಂದೆ ದನಿ ಕೇಳಿತು: "ಯಾವ ಕ್ಯಾಂಪು?"

ಮಾಸ್ತರರು! ಪಿಂಚಣಿಯದೇನೋ ವಿಚಾರಿಸಲು ಬಂದಿದ್ದರು.

"ಕ್ಯಾಂಪ್ ಅಂದ್ರ ಕ್ಯಾಂಪ್‌ರಿ" ಅಂದ ಕ್ಲಾರ್ಕ್.

ತಪ್ಪು ಅವನದೇ, ಹಾಗನ್ನಬಾರದಿತ್ತು. ಮಾಸ್ತರರು ಕಿಟಕಿಯ ಕಟ್ಟೆಗೆ ಮೊಣಕೈ ಊರಿದರು. ಕ್ಯಾಂಪ್ ಹುಟ್ಟಿದ್ದು ಲ್ಯಾಟಿನ್ನಿನ 'ಕ್ಯಾಂಪಸ್'ನಿಂದ, ಹಾಗಂದರೆ ಬಯಲು, ಹೊಲ. ಬಯಲಿನಲ್ಲಿ ದಂಡು ಇಳಿದರೆ ಕ್ಯಾಂಪ್, ದಂಡೆತ್ತಿ ಹೋದರೆ ಕ್ಯಾಂಪೇನ್, ಅದೇ ಬಯಲಿನಲ್ಲಿ ಕಾದಾಡಿ ಗೆದ್ದವ ಚಾಂಪಿಯನ್, ಹುಡುಗರು ಓದುವುದು ಬಿಟ್ಟು ತಿರುಗಾಡಿದರೆ ಕಾಲೇಜಿನ ಕ್ಯಾಂಪಸ್. ನಾವು ನಿಂತಿದ್ದ ಊರೂ ಒಂದು ಕಾಲಕ್ಕೆ ನಿಜಾಮರ ಸೀಮೆಯ ದಂಡಿನ ಛಾವಣಿ. "ಛಾವಣಿ ಅಂದ್ರ ತಲಿ ಮ್ಯಾಲಿನ ಸೂರೂ ಹೌದು, ಸೂರಿಲ್ಲದ ಸಿಪಾಯಿಗೋಳ ಠಾಣ್ಯಾನೂ ಹೌದು, ಗೊತ್ತೇನು ತಮ್ಮಾ?" ನನಗೆ ಗೊತ್ತಿರಲಿಲ್ಲ. ಹಿಂದೆ ಸಾಲಿನಲ್ಲಿ ನಿಂತವರಿಗೆ ಗೊತ್ತು ಮಾಡಿಕೊಳ್ಳುವ ಮನಸ್ಸಿರಲಿಲ್ಲ.

ಚಹಾ ಕುಡಿಯುತ್ತ ನಿಂತವನೊಬ್ಬ "ಮಸ್ಕಿಯೊಳಗ ಇವತ್ತ ಕ್ಯಾಂಪ್ ಐತಂತ್ರಿ" ಅಂದುಬಿಟ್ಟ. ಮಾಸ್ತರರು ನನ್ನ ರಟ್ಟೆ ಹಿಡಿದು ಬಸ್ಸು ಹತ್ತಿಸಿದರು.

ಮಸ್ಕಿಯಲ್ಲಿ ಕ್ಯಾಂಪ್ ಇತ್ತು, ಸುಳ್ಳಲ್ಲ. ಶಾಮಿಯಾನ ಹಾಕಿದ್ದರು, ಕುರ್ಚಿ ಇದ್ದವು, ಸಾಲು ಇತ್ತು. ಸಾಹೇಬರು ಎಲ್ಲಿ ಎಂದು ಮಾಸ್ತರರು ಕೇಳುವಷ್ಟರಲ್ಲಿ ನರ್ಸಮ್ಮ "ಕುಂದರ್ರಿ ಅಜ್ಜಾರ, ಮಾತಾಡಬ್ಯಾಡ್ರಿ" ಎಂದು ಕೂರಿಸಿ, ಗದ್ದ ಎತ್ತಿ, ಎರಡೂ ಕಣ್ಣಿಗೆ ಹನಿ ಬಿಟ್ಟಳು. ಕಣ್ಣಿನ ತಪಾಸಣೆಯ ಕ್ಯಾಂಪು! ಪಾಪೆ ಹಿಗ್ಗಿ, ನಿಘಂಟಿನ ಸಣ್ಣ ಅಕ್ಷರ ಓದಿ ಬದುಕಿದ ಮನುಷ್ಯನಿಗೆ ಅಂಗಡಿಯ ಬೋರ್ಡೂ ಕಾಣದಂತಾಯಿತು. ನನಗೆ ನಗು ಬಂತು. ಬಂದದ್ದಕ್ಕೆ ಈಗ ನಾಚಿಕೆ ಇದೆ, ಆಗ ಇರಲಿಲ್ಲ.

ಕಣ್ಣು ಮಂಜಾದರೆ ಬಾಯಿ ಮಂಜಾಗುತ್ತದೆಯೇ? ಕೈಹಿಡಿದು ನಡೆಸುತ್ತಿದ್ದ ನನಗೆ ಅಶೋಕನ ಸರದಿ ಬಂತು. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರನಿಗೆ ಇಲ್ಲಿ ಶಾಸನ ಸಿಕ್ಕಿತು. "ಬೀಡನ್ ಸಾಹೇಬ ಬೀಡು ಬಿಟ್ಟ ಊರು!" ಎಂದು ಅವರೇ ನಕ್ಕರು. ಅಲ್ಲಿಯವರೆಗೆ ಶಾಸನಗಳ 'ದೇವಾನಾಂಪ್ರಿಯ' ಯಾರೆಂಬುದಕ್ಕೆ ಗಟ್ಟಿ ಸಾಕ್ಷಿ ಬೇಕಿತ್ತು. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ದೇವಾನಾಂಪ್ರಿಯ ಅಂದರೆ ದೇವರುಗಳಿಗೆ ಬೇಕಾದವ. ಮುಂದೆ ಸಂಸ್ಕೃತ ವೈಯಾಕರಣರು ಅದೇ ಮಾತಿಗೆ ಮೂರ್ಖ ಎಂಬ ಅರ್ಥ ಹಚ್ಚಿದರು. ಇದನ್ನು ಹೇಳುವಾಗ ಮಾಸ್ತರರು ನನ್ನ ಕಡೆ ತಿರುಗಿದರು. ಆ ಕಣ್ಣಿಗೆ ನಾನು ಕಂಡೆನೋ ಇಲ್ಲವೋ. "ಬ್ರಹ್ಮಗಿರಿ ಶಾಸನದಾಗ 256 ಅಂತ ಬರೆಸ್ಯಾನ. 256 ರಾತ್ರಿ ತಿರುಗಾಟದಾಗ ಕಳದಿದ್ದ ಅಂತ ಪಂಡಿತರು ಹೇಳ್ತಾರ. ಚಕ್ರವರ್ತಿನೂ ಕ್ಯಾಂಪ್ ಇದ್ದ ತಮ್ಮಾ, ಆದ್ರ ಹೋದಲ್ಲಿ ಕೆಲಸ ಮಾಡಿ, ಕಲ್ಲಾಗ ಬರೆಸಿ ಬಂದ."

ಅಷ್ಟರಲ್ಲಿ ಯಾರೋ, ಸಾಹೇಬರ ಜೀಪು ಸಿಂಧನೂರಿನ ಕಡೆ ಹೋದದ್ದನ್ನು ಕಂಡೆ ಅಂದರು. ಆತನಿಗೆ ಒಳ್ಳೆಯದಾಗದಿರಲಿ.

ಸಿಂಧನೂರಿನಲ್ಲಿ ಇಳಿದು ಆಟೋದವನಿಗೆ "ಕ್ಯಾಂಪಿಗೆ ನಡಿ" ಅಂದೆವು. ಅವನು ಕೇಳಿದ್ದೂ ಅದನ್ನೇ: "ಯಾವ ಕ್ಯಾಂಪ್‌ರಿ?"

ಸರಿಯಾಗೇ ಕೇಳಿದ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, 227 ಕಿಲೋಮೀಟರಿನ ಎಡದಂಡೆ ಕಾಲುವೆಯ ನೀರು ಜೋಳದ ಎರೆಭೂಮಿಗೆ ಹರಿದಾಗ, ಕರಾವಳಿ ಆಂಧ್ರದ ರೈತರು ಬಂದು ಹೊಲ ಕೊಂಡು, ನಡುಹೊಲದಲ್ಲೇ ಗುಡಿಸಲು ಹಾಕಿದರು. ನಾಲ್ಕು ದಿನದ ಬಿಡಾರ, ಹೆಸರು ಕ್ಯಾಂಪು. ಗುಡಿಸಲು ಆರ್‌ಸಿಸಿ ಮನೆಯಾಯಿತು, ಬಾಗಿಲಿಗೆ ಟ್ರ್ಯಾಕ್ಟರ್ ಬಂತು, ರಾಮಮಂದಿರ ಎದ್ದಿತು, ಮೊಮ್ಮಕ್ಕಳು ಅಮೆರಿಕಕ್ಕೆ ಹೋದರು. ಊರು ಮಾತ್ರ ಇವತ್ತಿಗೂ ಕ್ಯಾಂಪೇ. ಲ್ಯಾಟಿನ್ನಿನ ಹೊಲ ಎಲ್ಲೆಲ್ಲೋ ಸುತ್ತಿ ಸಿಂಧನೂರಿನ ಭತ್ತದ ಗದ್ದೆಯಲ್ಲಿ ಮತ್ತೆ ಹೊಲವಾದದ್ದು ಮಾಸ್ತರರಿಗೆ ಎಷ್ಟು ಖುಷಿಯೆಂದರೆ, ಆಟೋದವನ ಭುಜ ತಟ್ಟಿದರು. ಅವನು ಹೆದರಿ ಬ್ರೇಕು ಹಾಕಿದ.

ಅವನು ನಮ್ಮನ್ನು ಇಳಿಸಿದ್ದು ಆರ್‌.ಎಚ್. (ಅಂದರೆ ರಿಹ್ಯಾಬಿಲಿಟೇಶನ್) ಕ್ಯಾಂಪೊಂದರಲ್ಲಿ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ನಿರಾಶ್ರಿತರಿಗೆ ಅರ್ಧ ಶತಮಾನದ ಹಿಂದೆ ಸರ್ಕಾರ ಜಾಗ ಕೊಟ್ಟದ್ದು ಇಲ್ಲೇ. ಇವುಗಳಿಗೆ ಹೆಸರಿಲ್ಲ, ನಂಬರು. ಸಾಹೇಬರ ಸುಳಿವಿಲ್ಲ. ಬೇವಿನ ಕೆಳಗೆ ಮುದುಕನೊಬ್ಬ ಮೀನಿನ ಬಲೆ ಹೊಲಿಯುತ್ತಿದ್ದ.

"ಯಾವೂರು ನಿಮ್ದು?" ಮಾಸ್ತರರು ಕೇಳಿದರು.

"ಇದೇ ಕ್ಯಾಂಪು."

"ಅದಕ್ಕ ಮದಲ?"

"ಮದಲ ಬ್ಯಾರೆ ಕ್ಯಾಂಪು. ಅಲ್ಲಿ ಟೆಂಟು."

"ಅದಕ್ಕೂ ಮದಲ?"

ಮುದುಕ ದಾರ ಹಲ್ಲಿನಿಂದ ಕಡಿದ. "ಅದಕ್ಕೂ ಮದಲ ನದಿ ಇತ್ತು" ಅಂದ.

ಮಾಸ್ತರರ ಬಾಯಿಂದ ಯಾವ ಮೀನಿಂಗೂ ಹೊರಡಲಿಲ್ಲ. ಹನಿ ಹಾಕಿದ ಕಣ್ಣು ಬಿಸಿಲಿಗೆ ಸುರಿಯುತ್ತಿತ್ತು. ವಾಪಸ್ ಬಸ್ಸಿನಲ್ಲಿ ಮಸ್ಕಿ ದಾಟುವವರೆಗೆ ಸುಮ್ಮನಿದ್ದವರು ಒಮ್ಮೆಲೆ, "ಕನ್ನಡದ ಬೀಡೂ ಹಂಗ ನೋಡು ತಮ್ಮಾ. ದಂಡು ಇಳಿಯೋ ಜಾಗ. ಹಳೇ ಶಾಸನದಾಗ ನೆಲೆವೀಡು ಅಂತಾರ, ರಾಜ ನೆಲೆ ನಿಂತ ಬೀಡು. ನಿಲ್ಲಾಕ ಬರಲಿಕ್ಕಿಲ್ಲ ಅಂದವರೂ ನಿಂತುಬಿಡ್ತಾರ" ಅಂದರು. ಅವರ ಊರು ಧಾರವಾಡದ ಕಡೆಯದು, ವರ್ಗವಾಗಿ ಬಂದು ಇಲ್ಲೇ ಉಳಿದವರು ಎಂಬುದು ಆಗ ನೆನಪಾಯಿತು. ಮಗ ಬೆಂಗಳೂರಿನಲ್ಲಿದ್ದಾನೆ, ಹೆಂಡತಿ ತೀರಿ ನಾಲ್ಕು ವರ್ಷ. ಬಸ್ ಸ್ಟ್ಯಾಂಡಿನಲ್ಲಿ ನಮ್ಮನ್ನು ಹಿಡಿಯದೆ ಇನ್ನು ಯಾರನ್ನು ಹಿಡಿದಾರು?

ಕಚೇರಿಗೆ ಬಂದಾಗ ಬಾಗಿಲು ಹಾಕುತ್ತಿದ್ದ ಜವಾನ, "ಸಾಹೇಬ್ರು ಮಧ್ಯಾಹ್ನ ಪೂರಾ ಒಳಗ ಇದ್ರಲ್ರಿ, ನೀವ್ ಎಲ್ಲಿ ಹೋಗಿದ್ರಿ?" ಅಂದ.

ಸಹಿ ಇನ್ನೂ ಆಗಿಲ್ಲ. ಮುಂದಿನ ತಿಂಗಳು ಯಾಕೋ ಮಾಸ್ತರರು ಎಲ್ಲೂ ಕಾಣದೆ, ಬಸ್ ಸ್ಟ್ಯಾಂಡ್ ಬಿಕೋ ಅನ್ನಿಸಿ, ಮನೆಗೇ ಹೋದೆ. ಬೀಗ. ಬಾಗಿಲಿಗೆ ಚೀಟಿ ಅಂಟಿಸಿದ್ದರು, ಸರ್ಕಾರಿ ಪತ್ರದ ತಲೆಯಲ್ಲಿ ಇರುವ ಹಾಗೆ: ಕ್ಯಾಂಪ್: ಬೆಂಗಳೂರು. ಕೆಳಗೆ ಕೆಂಪು ಪೆನ್ನಿನಲ್ಲಿ ಗೀಟು.

ಪಕ್ಕದ ಮನೆಯ ಅಕ್ಕಾರು ಹೊಸ್ತಿಲಿಗೆ ಬಂದರು. "ಮಾಸ್ತರ್ರು ಕ್ಯಾಂಪ್ ಅಂತ ಬರದು ಹೋಗ್ಯಾರಲ್ಲಪ್ಪಾ, ಅದ್ಯಾವ ಕ್ಯಾಂಪು, ಕಣ್ಣಿಂದೇನು?"

ನಾನು ಚೀಲ ಕೆಳಗಿಟ್ಟೆ. "ಇಲ್ಲ ನೋಡ್ರಿ ಅಕ್ಕಾರ, ಮದಲ ಲ್ಯಾಟಿನ್ನಿನ್ಯಾಗ ಏನಿತ್ತು ಅಂದ್ರ..." ಎಂದು ಶುರುಮಾಡಿದೆ. ಚಾಂಪಿಯನ್‌ಗೆ ಬರುವಷ್ಟರಲ್ಲಿ ಒಳಗಿನಿಂದ ಹಾಲು ಸೀದ ವಾಸನೆ ಬಂತು.