ಭರಣಿ ಮೀಮಾಂಸೆ: ವಾರದ ಸಂಜೆಯ ಅಡುಗೆ ಕುರಿತು ಗದಗ ಸೀಮೆಯ ಒಂದು ಮಹಾಪ್ರಬಂಧ

ಗಾಜಿನ ಬಾಟಲಿಯಲ್ಲಿ ಮೊದಲೇ ಕುದಿಸಿ ತುಂಬಿಟ್ಟ ಮಸಾಲೆ ರಸ. ಅದನ್ನು ಬಾಣಲೆಗೆ ಸುರುವಿ, ಹೆಚ್ಚಿದ ಕಾಯಿಪಲ್ಲೆಯನ್ನೋ ಪನೀರನ್ನೋ ಹಾಕಿ ಕುದಿಸಿದರೆ ರಾತ್ರಿಯೂಟ ತಯಾರು. ಈ ವಿದ್ಯೆಯನ್ನು ಪಾಶ್ಚಾತ್ಯರು ಕಂಡುಹಿಡಿದರೆಂಬ ನಂಬಿಕೆ ವಿದ್ವತ್ ವಲಯದಲ್ಲಿ, ಅಂದರೆ ನಮ್ಮ ಓಣಿಯ ಕಾಲೇಜು ಹುಡುಗರಲ್ಲಿ, ಆಳವಾಗಿ ಬೇರೂರಿದೆ. ಸದರಿ ನಂಬಿಕೆಯನ್ನು ಬುಡಸಮೇತ ಕಿತ್ತು, ಈ ವಿದ್ಯೆಯ ಮೂಲಪೀಠ ಗದಗ-ಬೆಟಗೇರಿಯ ಅಡುಗೆಮನೆಯ ಮಾಡದಲ್ಲಿದೆ ಎಂದು ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಲೇಖಕ ಇದೇ ಊರಿನವನಾದ್ದರಿಂದ ನಿಷ್ಪಕ್ಷಪಾತದ ಪ್ರಶ್ನೆ ಏಳುವುದಿಲ್ಲ.

ಮೊದಲು ಪೂರ್ವಪಕ್ಷ. ಫ್ರಾನ್ಸಿನ ನಿಕೊಲಾ ಅಪೇರ್ ಎಂಬ ಮಿಠಾಯಿಗಾರ ಆಹಾರವನ್ನು ಗಾಜಿನ ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟು ಕೆಡದಂತೆ ಮಾಡಿದ. 1810ರಲ್ಲಿ ಅಲ್ಲಿನ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಯಾಕೆ ಕೆಡುವುದಿಲ್ಲ ಎಂಬುದು ಪಾಪ ಅವನಿಗೂ ಗೊತ್ತಿರಲಿಲ್ಲ. ಅದನ್ನು ಹೇಳಲು ಮುಂದೆ ಲೂಯಿ ಪಾಶ್ಚರ್ ಬರಬೇಕಾಯಿತು. ನಮ್ಮ ಅಮ್ಮಂದಿರಿಗೂ ಆಯಿಗಳಿಗೂ ಗೊತ್ತಿರಲಿಲ್ಲ, ಆದರೆ ಅವರಿಗೆ ಯಾರೂ ಒಂದು ಫ್ರಾಂಕೂ ಕೊಡಲಿಲ್ಲ. ಇತಿಹಾಸಕಾರರು ಈ ತಾರತಮ್ಯವನ್ನು ಗಮನಿಸಿದಂತಿಲ್ಲ. ಆಮೇಲೆ ಕೀನ್ಯಾದಿಂದ ಲಂಡನ್ನಿಗೆ ಬಂದ ಪಾಠಕ್ ಎಂಬ ಗುಜರಾತಿ ಕುಟುಂಬ 1957ರಲ್ಲಿ ಶುರುಮಾಡಿದ 'ಪಟಾಕ್ಸ್' ಅಂಗಡಿ ಮುಂದೆ ಬೆಳೆದು, ಇಂಗ್ಲಿಷರ ಅಡುಗೆಮನೆಗೆ ಮಸಾಲೆಯ ಬಾಟಲಿ ಮುಟ್ಟಿಸಿತು. 2007ರಲ್ಲಿ ಆ ಕಂಪನಿ ಒಂದು ದೊಡ್ಡ ಬ್ರಿಟಿಷ್ ಸಂಸ್ಥೆಯ ಪಾಲಾಯಿತು. ಅದೇ 2007ರಲ್ಲಿ ನಮ್ಮ ಬೆಂಗಳೂರಿನ ಎಂಟಿಆರ್ ಫುಡ್ಸ್ ನಾರ್ವೆಯ ಓರ್ಕ್ಲಾ ಕೈಸೇರಿತು. ಗುಜರಾತಿ ರಸ, ಕನ್ನಡದ ಪುಡಿ ಎರಡೂ ಒಂದೇ ವರ್ಷ ಮನೆ ಬದಲಿಸಿದ್ದು ಆಕಸ್ಮಿಕವಲ್ಲ ಎನ್ನಲು ನಮ್ಮ ಹತ್ತಿರ ಯಾವ ಆಧಾರವೂ ಇಲ್ಲ. ಆದರೂ ಪ್ರಬಂಧವೆಂದ ಮೇಲೆ ಹೇಳಬೇಕಾಗುತ್ತದೆ.

ಇನ್ನು ಸ್ವಪಕ್ಷ. ಇಲ್ಲಿ ಸಂಶೋಧಕನಿಗೆ ಎದುರಾಗುವ ಮೊದಲ ಮುಜುಗರ ಮೆಣಸಿನಕಾಯಿಯದು. 1025ರ ಸುಮಾರಿಗೆ ಚಾಲುಕ್ಯರ ಆಸರೆಯಲ್ಲಿ ಎರಡನೆಯ ಚಾವುಂಡರಾಯ ಕನ್ನಡದಲ್ಲಿ 'ಲೋಕೋಪಕಾರ' ಬರೆದು, ಅದರಲ್ಲಿ ಅಡುಗೆಗೂ ಜಾಗ ಕೊಟ್ಟ. ನೂರು ವರ್ಷದ ತರುವಾಯ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ರಾಜರ ಊಟವನ್ನು ವಿಸ್ತಾರವಾಗಿ ವರ್ಣಿಸಿದ. ಎರಡರಲ್ಲೂ ಮೆಣಸಿನಕಾಯಿಯ ಸುಳಿವಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಅದು ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, ಗೋವಾ ಅವರ ವಶವಾದದ್ದೇ 1510ರಲ್ಲಿ. ಅಂದರೆ ಲಕ್ಕುಂಡಿಯ ಗುಡಿಗಳನ್ನು ಕೆತ್ತಿದ ಶಿಲ್ಪಿಗಳು ರೊಟ್ಟಿಗೆ ಕೆಂಪಿಂಡಿ ಇಲ್ಲದೆಯೇ ಅಷ್ಟು ಸಣ್ಣ ಕುಸುರಿ ತೆಗೆದರು. ಹೇಗೆ ತೆಗೆದರೋ! ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಹತ್ತು ಪರ್ವ ಮುಗಿಸಿದ್ದೂ ಹಸಿ ಖಾರ ಕಾಣದ ಊಟದ ಮೇಲೆ. ವಿರಾಟನ ಅರಮನೆಯಲ್ಲಿ ವಲಲನೆಂಬ ಹೆಸರಿನ ಅಡುಗೆಭಟ್ಟನಾಗಿದ್ದ ಭೀಮ ಕಾಳುಮೆಣಸು, ಶುಂಠಿಯಲ್ಲೇ ಸುಧಾರಿಸಿಕೊಂಡಿರಬೇಕು. ಹಾಗಿದ್ದೂ ಕೀಚಕನ ಮೇಲೆ ಅಷ್ಟು ಸಿಟ್ಟು ಎಲ್ಲಿಂದ ಬಂತೆಂಬುದು ಪ್ರತ್ಯೇಕ ಸಂಶೋಧನೆಗೆ ಯೋಗ್ಯ ವಿಷಯ.

ಘಟ್ಟ ಹತ್ತಿ ಬಂದ ಮೆಣಸಿನಕಾಯಿ ಹಾವೇರಿ, ಧಾರವಾಡ, ಗದಗ ಸೀಮೆಯ ಕರಿನೆಲದಲ್ಲಿ ಬೇರುಬಿಟ್ಟು ಬ್ಯಾಡಗಿ ಎಂಬ ಹೆಸರು ಪಡೆಯಿತು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ಬಂತು. ಬಣ್ಣ ಜಾಸ್ತಿ, ಉರಿ ಕಡಿಮೆ, ಸಿಪ್ಪೆ ಸುಕ್ಕು. ಈ ಕಾಯಿ ಬಂದ ಮೇಲೆಯೇ ಭರಣಿಗೆ ಶಾಸ್ತ್ರದ ಪದವಿ ದೊರೆತದ್ದು.

ಭರಣಿಗಳಲ್ಲಿ ಮೊದಲನೆಯದು ಮಸಾಲಿ ಖಾರದ್ದು. ಬೇಸಿಗೆ ಬಂತೆಂದರೆ ಒಣಮೆಣಸಿನಕಾಯಿ ಮಾಳಿಗೆ ಏರುತ್ತದೆ. ತೊಟ್ಟು ಮುರಿಯುವ ಕೆಲಸಕ್ಕೆ ಓಣಿಯ ಹೆಂಗಸರೆಲ್ಲ ಕೂಡುತ್ತಾರೆ. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಒಣಕೊಬ್ಬರಿ, ಎಳ್ಳು, ಲವಂಗ, ದಾಲ್ಚಿನ್ನಿ, ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು; ಒಟ್ಟಿಗೆ ಹುರಿದವಳ ಹೆಸರು ಬೀಗರ ಮನೆಯವರೆಗೂ ಹೋಗುತ್ತದೆ. ಆಮೇಲೆ ಖಾರದ ಗಿರಣಿಯ ಮುಂದೆ ಡಬ್ಬಿ ಇಟ್ಟುಕೊಂಡು ಸರದಿ, ಸೀನು, ಕಣ್ಣೀರು. ಮನೆಗೆ ತಂದು ಬಳ್ಳೊಳ್ಳಿ ಬೆರೆಸಿ, ಒತ್ತಿ ಒತ್ತಿ ತುಂಬಿ, ನಡುವೆ ಇಂಗಿನ ತುಂಡು ಹುದುಗಿಸಿ ಬಾಯಿಗೆ ಬಟ್ಟೆ ಕಟ್ಟಿದರೆ ವರ್ಷದ ಚಿಂತೆ ಮುಗಿಯಿತು. ಎರಡನೆಯದು ಕೆಂಪಿಂಡಿ, ಕೆಲವು ಮನೆಗಳಲ್ಲಿ ಇದೇ ರಂಜಕ. ಚಳಿಗಾಲದಲ್ಲಿ ಹಣ್ಣಾದ ಹಸಿ ಮೆಣಸಿನಕಾಯಿಯನ್ನು ಉಪ್ಪು, ಹುಣಸೆಹಣ್ಣು, ಬಳ್ಳೊಳ್ಳಿ, ಮೆಂತ್ಯದ ಜೊತೆ ರುಬ್ಬಿ ಇಟ್ಟದ್ದು. ಶೇಂಗಾ, ಗುರೆಳ್ಳು, ಅಗಸಿ ಹಿಂಡಿಗಳು ಬೇಕಾದಾಗ ಕುಟ್ಟುವ ಚಿಲ್ಲರೆ ಬಾಬತ್ತು.

ಈಗ ಪ್ರತ್ಯಕ್ಷ ಪ್ರಮಾಣ. ಮಂಗಳವಾರ, ಸಂಜೆ ಏಳೂವರೆ. ಹುಬ್ಬಳ್ಳಿಯ ಕಚೇರಿ ಮುಗಿಸಿ ರೈಲಿನಲ್ಲಿ ಬಂದ ಗೃಹಿಣಿ ಗದಗ ಜಂಕ್ಷನ್ನಿನಲ್ಲಿ ಇಳಿದು ಮನೆ ಸೇರಿದ್ದಾಳೆ. ಬದನೆಕಾಯಿಯನ್ನು ನಾಲ್ಕಾಗಿ ಸೀಳಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಮಸಾಲಿ ಖಾರ, ಹುಣಸೆ ರಸ, ಬೆಲ್ಲ, ಉಪ್ಪು ಕಲಸಿ ತುಂಬುತ್ತಾಳೆ. ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಕಾಯಿ ಇಳಿಬಿಟ್ಟು, ಉಳಿದ ಮಸಾಲೆಗೆ ನೀರು ಬೆರೆಸಿ ಸುರುವಿ ಮುಚ್ಚಳ ಮುಚ್ಚುತ್ತಾಳೆ. ರೊಟ್ಟಿ ಅಂಗಡಿಯಿಂದ ಖಡಕ್ ರೊಟ್ಟಿ ತರಲು ಮಗ ಹೋಗಿ ಬರುವಷ್ಟರಲ್ಲಿ ಎಣ್ಣೆ ಮೇಲೆ ತೇಲುತ್ತದೆ. ಬಾಟಲಿಯ ಚೀಟಿಯ ಮೇಲೆ ಅಚ್ಚು ಹಾಕಿಸಿದ ವಿಧಾನಕ್ಕೂ ಇದಕ್ಕೂ ಏನು ಅಂತರವೆಂದು ಪೂರ್ವಪಕ್ಷದವರು ಹೇಳಲಿ.

ವಿಜ್ಞಾನವೂ ನಮ್ಮ ಕಡೆಗೇ ಇದೆ. ಆಮ್ಲತೆಯ ಅಳತೆಯಾದ ಪಿಎಚ್ 4.6ಕ್ಕಿಂತ ಕೆಳಗಿದ್ದಲ್ಲಿ ಬೊಟುಲಿನಂ ಎಂಬ ಭಯಂಕರ ಬ್ಯಾಕ್ಟೀರಿಯಾ ತಲೆಯೆತ್ತುವುದಿಲ್ಲ. ಕಾರ್ಖಾನೆಯವರು ಇದಕ್ಕಾಗಿ ವಿನೆಗರ್ ಅಥವಾ ಸಿಟ್ರಿಕ್ ಆಮ್ಲ ಹಾಕುತ್ತಾರೆ, ನಮ್ಮವರು ಹುಣಸೆಹಣ್ಣು. ಉಪ್ಪು ನೀರನ್ನು ಹಿಡಿದಿಟ್ಟುಕೊಂಡು ಸೂಕ್ಷ್ಮಜೀವಿಗೆ ಸಿಗದಂತೆ ಮಾಡುತ್ತದೆ. ಒಣ ಖಾರದಲ್ಲಿ ನೀರಿನಂಶ ತೀರ ಕಡಿಮೆಯಾದ್ದರಿಂದ ಬೂಸಲು ಹತ್ತಲು ದಾರಿಯಿಲ್ಲ. ಈ ಇಡೀ ವ್ಯವಸ್ಥೆಯನ್ನು ಒಂದೇ ಏಟಿಗೆ ಕೆಡವಬಲ್ಲ ಏಕೈಕ ಶಕ್ತಿ ಹಸಿ ಚಮಚ. ಶಾಸ್ತ್ರದಲ್ಲಿ ಇದಕ್ಕೆ 'ಆರ್ದ್ರಚಮಚದೋಷ' ಎಂದು ನಾವೇ ಹೆಸರಿಟ್ಟಿದ್ದೇವೆ. ಈ ದೋಷದ ಕರ್ತೃ ಸಾಮಾನ್ಯವಾಗಿ ಮನೆಯ ಯಜಮಾನ. ರಾತ್ರಿ ಹತ್ತಕ್ಕೆ ಮೊಸರನ್ನದ ಜೊತೆ ನೆಂಚಿಕೊಳ್ಳಲು ಬಂದು, ಮೊಸರು ಕಲಸಿದ ಚಮಚವನ್ನೇ ಭರಣಿಗೆ ಇಳಿಸುವವ.

ಇಲ್ಲಿಂದ ಪ್ರಬಂಧದ ಕೇಂದ್ರ ಸಿದ್ಧಾಂತಕ್ಕೆ ಬರೋಣ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವನ್ನು ಈ ದೇಶದ ಸಹಕಾರಿ ಚಳವಳಿಯ ಮೊದಲ ಹೆಜ್ಜೆಯೆಂದು ನೆನೆಯುತ್ತಾರೆ. ಭರಣಿಯೂ ಪತ್ತಿನ ಸಂಘವೇ. ಏಪ್ರಿಲ್ ಬಿಸಿಲಿನಲ್ಲಿ ಶ್ರಮದ ಠೇವಣಿ, ಮಂಗಳವಾರ ಸಂಜೆ ಚಮಚದ ಲೆಕ್ಕದಲ್ಲಿ ವಾಪಸು. ಬೀಗರು ಬಂದರೆ ಓವರ್‌ಡ್ರಾಫ್ಟ್. ಬೆಂಗಳೂರಿನ ಮಗಳಿಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಟ್ಟಿ ಕಳಿಸುವುದು ಬಡ್ಡಿಯಿಲ್ಲದ ದೀರ್ಘಾವಧಿ ಸಾಲ, ವಸೂಲಾತಿಯ ಆಸೆಯಿಲ್ಲ, ಡಬ್ಬಿಯೂ ವಾಪಸು ಬರುವುದಿಲ್ಲ. ಆದರೆ ಲೆಕ್ಕ ತಪಾಸಣೆಯಲ್ಲಿ ಒಂದು ಆಕ್ಷೇಪ ಬರುತ್ತದೆ: ಸಂಘದ ಸದಸ್ಯರೆಲ್ಲ ಉಣ್ಣುವವರು, ಠೇವಣಿ ಇಡುವವಳು ಮಾತ್ರ ಒಬ್ಬಳೇ. ಇಂಥ ಸಂಘಕ್ಕೆ ಕಣಗಿನಹಾಳದಲ್ಲಿ ನೋಂದಣಿ ಸಿಗುತ್ತಿರಲಿಲ್ಲ.

ಅಂಗಡಿಯ ಬಾಟಲಿ ನಮ್ಮ ಮನೆಗಳಿಗೆ ನುಗ್ಗಿದ್ದು ಈ ಬಿರುಕಿನಿಂದಲೇ. ಸೊಸೆ ಒಂದು ದಿನ ಸೂಪರ್ ಮಾರ್ಕೆಟ್ಟಿನಿಂದ ಪನೀರ್ ಮಸಾಲೆಯ ಗಾಜಿನ ಬಾಟಲಿ ತಂದಳೆನ್ನಿ. ಆಗ ನಡೆಯುವ ವಾಕ್ಯಾರ್ಥ ಹೀಗಿರುತ್ತದೆ.

"ಏನವಾ ಇದು, ಟೊಮೆಟೊ ಜಾಮೇನು?"

"ಅಲ್ರೀ ಅತ್ತಿ, ಪನೀರಿಗೆ ಹಾಕೂದು. ಸುಮ್ನ ಕುದಿಸಿದ್ರ ಮುಗೀತು."

"ಕುದಿಸೂದು ನಮಗೂ ಬರ್ತೈತಿ. ಇದರಾಗ ಖಾರ ಎಲ್ಲೈತಿ?"

"ಅದರಾಗ ಎಲ್ಲಾ ಹಾಕ್ಯಾರ‍್ರಿ."

"ಎಲ್ಲಾ ಹಾಕಿದ್ರ ಸಪ್ಪಗ ಯಾಕೈತಿ?"

ಈ ಕೊನೆಯ ಪ್ರಶ್ನೆಗೆ ಯಾವ ಪಂಡಿತನೂ ಉತ್ತರ ಕೊಟ್ಟಿಲ್ಲ. ಅತ್ತಿ ಪನೀರಿಗೆ ಒಂದು ಚಮಚ ಮಸಾಲಿ ಖಾರ ಹಾಕಿ ಇಳಿಸುತ್ತಾರೆ. ಸೊಸೆ ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಾಳೆ. ಯಾರು ಗೆದ್ದರೆಂದು ಇಬ್ಬರೂ ಕೇಳುವುದಿಲ್ಲ.

ಈ ವಾದದಿಂದ ಜಿಲ್ಲೆಯಲ್ಲಿ ಪಂಥಗಳು ಹುಟ್ಟಿವೆ. ಲಕ್ಷ್ಮೇಶ್ವರದವರು ಶುದ್ಧಿವಾದಿಗಳು. 'ಕವಿರಾಜಮಾರ್ಗ'ದ ಕಾಲಕ್ಕೇ ಕನ್ನಡದ ತಿರುಳು ಇರುವ ನಾಲ್ಕು ಊರುಗಳಲ್ಲಿ ತಮ್ಮ ಊರು, ಅಂದಿನ ಪುಲಿಗೆರೆಯೂ ಒಂದಾಗಿತ್ತೆಂಬ ಹೆಮ್ಮೆ ಅವರಿಗೆ ಇರುವುದು ಸಹಜ. ಖಾರದಲ್ಲಿಯೂ ಅನ್ಯದೇಶ್ಯ ಸಲ್ಲದೆಂಬುದು ಅವರ ನಿಲುವು. ಮೆಣಸಿನಕಾಯಿಯೇ ಅನ್ಯದೇಶ್ಯವಲ್ಲವೇ ಎಂದು ಕೇಳಿದರೆ ಸೋಮೇಶ್ವರ ಗುಡಿಯ ಕಡೆ ಕೈತೋರಿಸಿ ಮಾತು ಬದಲಿಸುತ್ತಾರೆ. 2018ರಲ್ಲಿ ತಾಲ್ಲೂಕು ಶಿರಹಟ್ಟಿಯಿಂದ ಬೇರೆಯಾದರೂ ಖಾರ ಬೇರೆಯಾಗಲಿಲ್ಲ ಎಂಬುದನ್ನು ಅವರು ಒಪ್ಪುವುದಿಲ್ಲ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠದ ಊರಾದ ಶಿರಹಟ್ಟಿಯದು ಸಮನ್ವಯ ಪಂಥ: ಅರ್ಧ ಬಾಟಲಿ, ಅರ್ಧ ಭರಣಿ, ಮೇಲೊಂದು ಮುಷ್ಟಿ ಕೊತ್ತಂಬರಿ ಸೊಪ್ಪು. ಮುಂಡರಗಿಯವರ ತೊಡಕೇ ಬೇರೆ. ಹೇಳದೆ ಬರುವ ನೆಂಟರು ಅಲ್ಲಿ ಹೆಚ್ಚೋ ಏನೋ, ತಾಲ್ಲೂಕಿನ ಅಂಚಿಗೆ ತುಂಗಭದ್ರೆ ಹರಿಯುವಾಗ ರಸ ಗಟ್ಟಿಯಿರಬೇಕೆಂಬ ಹಟವೇಕೆಂದು ಅವರು ನೀರು ಸುರಿಯುತ್ತಾರೆ. ಬೆಟಗೇರಿಯ ನೇಕಾರ ಮನೆಗಳಲ್ಲಿ ಈ ಚರ್ಚೆಗೆ ಪುರಸೊತ್ತಿಲ್ಲ. ಮಗ್ಗದಿಂದ ಎದ್ದವರು ಒಲೆಯ ಮೇಲೆ ಏನು ಕುದಿಯುತ್ತಿದೆಯೋ ಅದನ್ನೇ ಉಣ್ಣುತ್ತಾರೆ.

ಮೂರನೆಯ ದಾರಿಯೊಂದು ಸದ್ದಿಲ್ಲದೆ ತೆರೆದಿದೆ. 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಯೋಜನೆಯಂಥವುಗಳಿಂದ ಹಳ್ಳಿಹಳ್ಳಿಯಲ್ಲಿ ಸಂಘಗಳಾದವು. ಎಷ್ಟೋ ಕಡೆ ಆ ಹೆಂಗಸರು ರೊಟ್ಟಿ, ಹಿಂಡಿ, ಮಸಾಲಿ ಖಾರ ಮಾಡಿ ಚೀಟಿ ಅಂಟಿಸಿ ಮಾರುತ್ತಾರೆ. ಅದೇ ಕೈ, ಅದೇ ಖಾರ, ಅದೇ ಸೀನು. ಆದರೆ ಇಲ್ಲಿ ಠೇವಣಿ ಇಟ್ಟವಳ ಕೈಗೆ ರೊಕ್ಕ ಬರುತ್ತದೆ. ಭರಣಿ ಮೀಮಾಂಸೆಯ ಅಡಿಯಲ್ಲಿ ನಿಯಮಬದ್ಧವೆನ್ನಬಹುದಾದ ಸಂಘ ಸದ್ಯಕ್ಕೆ ಇದೊಂದೇ. ಮನೆಯಲ್ಲಿ ಕುಟ್ಟಿಸಲು ಆಗದವರು ಲಂಡನ್ನಿನ ಬಾಟಲಿಗಿಂತ ಮೊದಲು ಇದನ್ನು ಕೊಳ್ಳಲಿ ಎಂಬುದು ನಮ್ಮ ತೀರ್ಪು.

ಮನೆಯಲ್ಲೇ ಕುಟ್ಟಿಸುವ ಮನೆಗಳ ಯಜಮಾನರಲ್ಲಿ ಒಂದು ವಿನಂತಿ ಉಳಿದಿದೆ. ಈ ಬೇಸಿಗೆ ಖಾರದ ಗಿರಣಿಯ ಸರದಿಯಲ್ಲಿ ನೀವು ನಿಲ್ಲಿರಿ. ಮೂಗಿಗೆ ಟವೆಲ್ ಕಟ್ಟಿಕೊಂಡು ಹೋಗಿರಿ, ಬಂದ ಮೇಲೆ ಕೈ ತೊಳೆಯದೆ ಕಣ್ಣು ಮುಟ್ಟಬೇಡಿರಿ. ಮತ್ತು ರಾತ್ರಿ ಹತ್ತಕ್ಕೆ ಭರಣಿ ತೆಗೆಯುವಾಗ ಚಮಚ ಒರೆಸಿಕೊಳ್ಳಿರಿ.